ತಲೆ ಅಲ್ಲಾಡಿದರೆ ಸ್ಕ್ಯಾನರ್ ಕೂಡ ಅಲ್ಲಾಡಲಿ

ಎಂಆರ್‌ಐ ಕೊಳವೆಯೊಳಗೆ ಮಲಗಿದ ತಕ್ಷಣ ಮೂಗು ತುರಿಸಲು ಶುರುವಾಗುತ್ತದೆ. ಅಲ್ಲಾಡಬೇಡಿ ಅಂತ ಆಗಲೇ ಹೇಳಿಯಾಗಿದೆ. ಹೇಗೋ ತಡೆದುಕೊಳ್ಳುತ್ತೀರಿ. ಆದರೂ ತಲೆ ಸುಮ್ನೆ ಇರುವುದಿಲ್ಲ. ಉಸಿರಾಡಿದಾಗ ಮಿಸುಕುತ್ತದೆ, ಎಂಜಲು ನುಂಗಿದಾಗ ಮಿಸುಕುತ್ತದೆ. ಎದೆ ಬಡಿತಕ್ಕೂ ಇಷ್ಟೇ ಇಷ್ಟು ಅದುರುತ್ತದೆ. ಕತ್ತು ಸಡಿಲವಾದ ಹಾಗೆ ದಿಂಬಿನೊಳಕ್ಕೆ ಮೆಲ್ಲಗೆ ಇಳಿಯುತ್ತದೆ.

ಮಾಮೂಲಿ ಸ್ಕ್ಯಾನಿನಲ್ಲಿ ಇಷ್ಟು ಮಿಸುಕಾಟ ಹೆಚ್ಚಾಗಿ ನಡೆದುಹೋಗುತ್ತದೆ. ಅಲ್ಲಿ ಚಿತ್ರದ ಒಂದೊಂದು ಚುಕ್ಕಿಯೂ ಸುಮಾರು 1 ಮಿಲಿಮೀಟರ್ ಅಗಲದ್ದು. ಅದನ್ನು ಕಾಲು ಮಿಲಿಮೀಟರ್‌ಗೆ ಇಳಿಸಿದರೆ? ಉದ್ದ, ಅಗಲ, ಎತ್ತರ ಮೂರೂ ಸೇರಿ ಒಂದು ಚುಕ್ಕಿಯ ಜಾಗದಲ್ಲಿ 64 ಬರುತ್ತವೆ. ಪ್ರತಿಯೊಂದರ ಸಿಗ್ನಲ್ಲೂ ಅಷ್ಟೇ ಪಟ್ಟು ಕ್ಷೀಣ. ಅದನ್ನು ಹಿಡಿಯಲು ಬಲವಾದ ಅಯಸ್ಕಾಂತ ಬೇಕು, ಹೊತ್ತೂ ಜಾಸ್ತಿ ಬೇಕು. ಹೊತ್ತು ಹೆಚ್ಚಿದಷ್ಟೂ ತಲೆ ಸರಿಯುತ್ತದೆ.

ಎಂಆರ್‌ಐ ಫೋಟೊ ತೆಗೆದ ಹಾಗೂ ಅಲ್ಲ. ಸಾಲು ಸಾಲಾಗಿ ಅಳತೆ ತೆಗೆದು, ಕೊನೆಗೆ ಲೆಕ್ಕ ಹಾಕಿ ಚಿತ್ರ ಕಟ್ಟುತ್ತದೆ. ಆ ಒಂದೊಂದು ಸಾಲಿನಲ್ಲೂ ಇಡೀ ತಲೆಯ ಸುದ್ದಿ ಇರುತ್ತದೆ. ಸಾರಿಗೆ ಉಪ್ಪು ಜಾಸ್ತಿಯಾದರೆ ಪಾತ್ರೆಯ ಒಂದು ಮೂಲೆ ಮಾತ್ರ ಉಪ್ಪಾಗುವುದಿಲ್ಲ, ಅಲ್ವಾ? ಹಾಗೇ, ನಡುವೆ ಒಂದೆರಡು ಸೆಕೆಂಡು ತಲೆ ಅಲ್ಲಾಡಿದರೂ ಅದರ ಗುರುತು ಚಿತ್ರದ ತುಂಬ ಹರಡುತ್ತದೆ. ತಲೆಬುರುಡೆಯ ಅಂಚು ಅಲೆ ಅಲೆಯಾಗಿ ಮಿದುಳಿನ ಮೇಲೇ ಮೂಡುತ್ತದೆ.

ಜರ್ಮನಿಯ ಮಾಗ್ಡೆಬರ್ಗ್‌ನ ಸಂಶೋಧಕರು ತಲೆಯನ್ನು ಬಿಗಿದು ಕಟ್ಟುವುದಕ್ಕಿಂತ ಅದರ ಬೆನ್ನು ಹತ್ತುವುದೇ ವಾಸಿ ಎಂದುಕೊಂಡರು. ಮಲಗಿದವರ ಮೇಲಿನ ಹಲ್ಲುಗಳಿಗೆ ಸರಿಯಾಗಿ ಕೂರುವ ಅಚ್ಚು ಮಾಡಿ, ಅದಕ್ಕೆ ಒಂದು ಪುಟ್ಟ ಗುರುತಿನ ಬಿಲ್ಲೆ ಕೂಡಿಸಿದರು. ಹಲ್ಲೇ ಯಾಕೆ? ಹಣೆಗೆ ಅಂಟಿಸಿದರೆ ಹುಬ್ಬು ಗಂಟಿಕ್ಕಿದಾಗ ಬಿಲ್ಲೆಯೂ ಜರುಗುತ್ತದೆ. ಮೇಲಿನ ಹಲ್ಲು ಬುರುಡೆಯ ಜೊತೆಗೇ ಚಲಿಸುತ್ತದೆ.

ಬಿಲ್ಲೆಯ ಗುಟ್ಟು ನೋಡಬೇಕೆಂದರೆ ಸೊಳ್ಳೆಪರದೆಯ ಎರಡು ಪದರ ಒಂದರ ಮೇಲೊಂದು ಹಿಡಿದು ನೋಡಿ. ಅಲೆಯಂಥ ಪಟ್ಟೆಗಳು ಕಾಣುತ್ತವೆ. ಒಂದು ಪದರ ಚೂರು ಸರಿದರೆ ಸಾಕು, ಪಟ್ಟೆಗಳು ಎಲ್ಲಿಂದೆಲ್ಲಿಗೋ ಓಡುತ್ತವೆ. ಬಿಲ್ಲೆಯಲ್ಲೂ ಹೀಗೆ ಸಣ್ಣ ಗೆರೆಗಳ ಪದರಗಳಿವೆ. ಹಾಗಾಗಿ ಕಣ್ಣಿಗೆ ಕಾಣದಷ್ಟು ವಾಲಿದರೂ ಕೊಳವೆಯೊಳಗಿನ ಕ್ಯಾಮೆರಾಗೆ ಗೊತ್ತಾಗುತ್ತದೆ. ಅದು ಹೇಳಿದಂತೆ ಸ್ಕ್ಯಾನರ್ ಮುಂದಿನ ಅಳತೆಗೆ ಮೊದಲೇ ತನ್ನ ನೋಟದ ಚೌಕಟ್ಟನ್ನು ತಲೆಯ ಜೊತೆ ಸರಿಸಿಕೊಳ್ಳುತ್ತದೆ.

2017ರಲ್ಲಿ ಅವರು ಹೊರತಂದ ಒಬ್ಬರೇ ವ್ಯಕ್ತಿಯ ಮಿದುಳಿನ ಚಿತ್ರ ಹೀಗೇ ಬಂದದ್ದು. 7 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಸ್ಕ್ಯಾನರ್, ಕಾಲು ಮಿಲಿಮೀಟರ್ ಚುಕ್ಕಿ, ಒಟ್ಟು 8 ಗಂಟೆ ಸ್ಕ್ಯಾನ್, ಸುಮಾರು 1.2 ಟೆರಾಬೈಟ್ ಕಚ್ಚಾ ಮಾಹಿತಿ. ಪಾಪ, ಮಲಗಿದವರ ತಾಳ್ಮೆಗೂ ಒಂದು ಯೂನಿಟ್ ಇರಬೇಕಿತ್ತು.

ಹಲ್ಲಿನ ಅಚ್ಚು ಎಲ್ಲರಿಗೂ ಒಗ್ಗುವುದಿಲ್ಲ. ಸ್ವಿಟ್ಜರ್‌ಲೆಂಡಿನ ಲೊಸಾನ್‌ನ ಸಂಶೋಧಕರು ಕ್ಯಾಮೆರಾ ಬಿಟ್ಟು, ನೆತ್ತಿಯ ಚರ್ಮದ ಕೆಳಗಿನ ಕೊಬ್ಬನ್ನೇ ಗುರುತಾಗಿ ಹಿಡಿದರು. ಅಳತೆಗಳ ಬಿಡುವಿನಲ್ಲಿ ಬರೀ ಕೊಬ್ಬಿನ ಒಂದು ಒರಟು ಚಿತ್ರ ತೆಗೆದು, ತಲೆ ಎಷ್ಟು ಸರಿದಿದೆ ಎಂದು ಆಮೇಲೆ ಲೆಕ್ಕದಲ್ಲಿ ಸರಿಪಡಿಸುತ್ತಾರೆ. ನನಗೆ ಇದೇ ಹೆಚ್ಚು ಇಷ್ಟ. ಮೈಗೆ ಏನೂ ಅಂಟಿಸುವ ತಂಟೆಯಿಲ್ಲ.

ಆದರೆ ಎರಡೂ ಉಪಾಯಗಳು ತಲೆಯನ್ನು ಕಲ್ಲಿನ ಗುಂಡು ಎಂದೇ ಲೆಕ್ಕ ಹಿಡಿಯುತ್ತವೆ. ಮಿದುಳು ಕಲ್ಲಲ್ಲ. ಪ್ರತಿ ಬಡಿತಕ್ಕೂ ಬುರುಡೆಯ ಒಳಗೇ ಅದು ಒಂಚೂರು ಉಬ್ಬಿ ತಗ್ಗುತ್ತದೆ. ಹಲ್ಲು ನೋಡುತ್ತಾ ಕೂತ ಕ್ಯಾಮೆರಾಗೆ ಅದು ಕಾಣುವುದಿಲ್ಲ.