ರನ್-ಫ್ಲಾಟ್ ತೆಗೆಸಿದ ಕಾರಿಗೆ ಸ್ಟೆಪ್ನಿ ಯಾವುದು?

ಪ್ರಶ್ನೆ: ನನ್ನದು 2015ರ ಬಿಎಂಡಬ್ಲ್ಯು 3 ಸೀರೀಸ್. ನಾಲ್ಕೂ ರನ್-ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ) ಟಯರ್‌ಗಳನ್ನು ತೆಗೆಸಿ ಸಾಮಾನ್ಯ ಟ್ಯೂಬ್‌ಲೆಸ್ ಟಯರ್ ಹಾಕಿಸಿದ್ದೇನೆ. ಕಾರಿನ ಜೊತೆ ಸ್ಟೆಪ್ನಿ ಬಂದಿರಲಿಲ್ಲ. ತೆಗೆದ ನಾಲ್ಕರಲ್ಲಿ ಒಂದರ ಬಟನ್ (ನೆಲಕ್ಕೆ ತಾಗುವ ಅಚ್ಚು) ಇನ್ನೂ ಚೆನ್ನಾಗಿದೆ. ಅದನ್ನೇ ಒಂದು ರಿಮ್‌ಗೆ ಹಾಕಿಸಿ ಸ್ಟೆಪ್ನಿ ಮಾಡಿಕೊಳ್ಳಬಹುದೇ? ಅಥವಾ ಬೇರೆಯದನ್ನು ಕೊಳ್ಳಬೇಕೇ?

ಉತ್ತರ: ಬೇರೆಯದನ್ನು ಕೊಳ್ಳಬೇಕು. ಡಿಕ್ಕಿಯಲ್ಲಿ ಜಾಗ ಬಿಟ್ಟುಕೊಡಲು ಸಿದ್ಧರಿದ್ದರೆ ಈಗ ಕಾರಿನಲ್ಲಿರುವ ಅಳತೆಯದೇ ಐದನೆಯ ಚಕ್ರ, ಇಲ್ಲವಾದರೆ ನಿಮ್ಮ ಮಾಡೆಲ್‌ಗೆಂದೇ ತಯಾರಾದ ತೆಳು ಸ್ಟೆಪ್ನಿ. ಹಾಸನದ ನಮ್ಮ ಟಯರ್ ಅಂಗಡಿಗೆ ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಬೆಂಗಳೂರಿನಿಂದ ಹೊರಟು ಶಿರಾಡಿ ಘಾಟಿ ಇಳಿಯುವ ಮೊದಲು ಗಾಳಿ ನೋಡಿಸಲು ನಿಲ್ಲುವವರಲ್ಲಿ ರನ್-ಫ್ಲಾಟ್ ಬಿಟ್ಟವರೇ ಹೆಚ್ಚುತ್ತಿದ್ದಾರೆ. ಬಿಟ್ಟದ್ದು ಏಕೆ ಎಂದು ನಾನು ವಿವರಿಸಬೇಕಾಗಿಲ್ಲ. ಹೊಂಡ ಹಾರಿದ ಪ್ರತಿ ಸಲವೂ ಬೆನ್ನುಮೂಳೆ, ಟಯರ್ ಬದಲಿಸಿದ ಪ್ರತಿ ಸಲವೂ ಬಿಲ್ಲು ಅದನ್ನು ಹೇಳಿರುತ್ತವೆ. ಆದರೆ ಬಿಟ್ಟ ಟಯರ್‌ನ ಮೇಲಿನ ನಂಬಿಕೆಯನ್ನು ಮಾತ್ರ ಯಾರೂ ಬಿಟ್ಟಿಲ್ಲ. ಆದ್ದರಿಂದ ಮೊದಲು ಆ ನಂಬಿಕೆಯನ್ನೇ ನೋಡೋಣ.

ನಂಬಿಕೆ ಹೀಗಿದೆ: ರನ್-ಫ್ಲಾಟ್ ಗಾಳಿಯಿಲ್ಲದೆಯೂ ಓಡುತ್ತದೆ, ಆದ್ದರಿಂದ ಅದನ್ನು ಸ್ಟೆಪ್ನಿಯಾಗಿ ಇಟ್ಟರೆ ಗಾಳಿ ನೋಡುವ ಕೆಲಸವೂ ಇಲ್ಲ, ಸ್ಟೆಪ್ನಿಯೇ ಪಂಕ್ಚರ್ ಆಗುವ ಭಯವೂ ಇಲ್ಲ. ನಾನು ಇದನ್ನು ಕೇಳಿ ಕೇಳಿ ದಣಿದಿದ್ದೇನೆ. ಹೇಳುವವರೆಲ್ಲ ತಿಳಿವಳಿಕೆಯುಳ್ಳವರೇ ಆಗಿರುವುದರಿಂದ ಬೇಸರ ಇನ್ನೂ ಹೆಚ್ಚು.

ಕಳೆದ ಮಳೆಗಾಲದಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ದ ಒಂದು ಕುಟುಂಬದವರು ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ನಾಲ್ಕು ಚಕ್ರಗಳ ಗಾಳಿ ಸರಿಪಡಿಸಿದ ಮೇಲೆ, ಸ್ಟೆಪ್ನಿಯನ್ನೂ ನೋಡಿಬಿಡೋಣವೇ ಎಂದು ಕೇಳಿದೆ. "ಅದು ರನ್-ಫ್ಲಾಟ್ ಸರ್, ಗಾಳಿ ನೋಡೋದು ಬೇಕಾಗಿಲ್ಲ" ಎಂದರು ಕಾರಿನ ಯಜಮಾನರು. ಡಿಕ್ಕಿ ತೆರೆಸಿ, ಹೆಬ್ಬೆರಳಿನಿಂದ ಟಯರ್‌ನ ಪಕ್ಕವನ್ನು ಒತ್ತಿದೆ, ಕಲ್ಲಿನಂತೆ ಗಟ್ಟಿಯಾಗಿತ್ತು. ವಾಲ್ವ್‌ಗೆ ಗೇಜ್ ಹಿಡಿದೆ. ಮುಳ್ಳು 9ರಲ್ಲಿ ನಿಂತಿತು. 33 ಇರಬೇಕಾದ ಕಡೆ 9 ಪಿಎಸ್‌ಐ, ಆದರೂ ಕಣ್ಣಿಗೆ ಅದು ಪೂರ್ತಿ ತುಂಬಿದ ಟಯರ್. ಅವರ ಒಪ್ಪಿಗೆ ಪಡೆದು ಟಯರನ್ನು ರಿಮ್‌ನಿಂದ ಬಿಡಿಸಿದಾಗ ಒಳಗಿನಿಂದ ಒಂದು ಹಿಡಿಯಷ್ಟು ಕಪ್ಪು ಪುಡಿ ನೆಲಕ್ಕೆ ಉದುರಿತು. ಒಳಗೋಡೆಯ ಸುತ್ತ ಬೆರಳಗಲದ ಒಂದು ಪಟ್ಟಿಯಲ್ಲಿ ರಬ್ಬರ್ ಸುಕ್ಕುಗಟ್ಟಿ, ಉಜ್ಜಿ ತೆಗೆದಂತೆ ಆಗಿತ್ತು. ಆಗ ಅವರಿಗೆ ನೆನಪಾಯಿತು: ಎರಡು ವರ್ಷದ ಹಿಂದೆ ಎಚ್ಚರಿಕೆ ದೀಪ ಹೊತ್ತಿಕೊಂಡಿದ್ದರೂ ಚನ್ನರಾಯಪಟ್ಟಣದಿಂದ ಹಾಸನದವರೆಗೆ ಇದೇ ಟಯರ್‌ನಲ್ಲಿ ಬಂದಿದ್ದರು, ಪಂಕ್ಚರ್ ಹಾಕಿಸಿ ಮತ್ತೆ ಬಳಸಿದ್ದರು. ಹೊರಗಿನಿಂದ ಅದರಲ್ಲಿ ಒಂದು ಗೀರೂ ಕಾಣುತ್ತಿರಲಿಲ್ಲ.

ಆ ಪುಡಿ ಎಲ್ಲಿಂದ ಬಂತು ಎಂಬುದರಲ್ಲಿಯೇ ಉತ್ತರವಿದೆ. ಸಾಮಾನ್ಯ ಟಯರ್‌ನಲ್ಲಿ ಕಾರಿನ ಭಾರವನ್ನು ಹೊರುವುದು ಗಾಳಿ. ರನ್-ಫ್ಲಾಟ್‌ನಲ್ಲಿಯೂ ದಿನನಿತ್ಯ ಭಾರ ಹೊರುವುದು ಗಾಳಿಯೇ. ಅದರ ಪಕ್ಕದ ಗೋಡೆಯೊಳಗೆ ಶಾಖ ತಡೆಯುವ ದಪ್ಪ ರಬ್ಬರಿನ ಇನ್ನೊಂದು ಪದರವಿದ್ದು, ಗಾಳಿ ಹೋದಾಗ ಮಾತ್ರ ಆ ಪದರ ಭಾರಕ್ಕೆ ಹೆಗಲು ಕೊಡುತ್ತದೆ. ಗಾಳಿ ಪೂರ್ತಿ ಹೋದ ಮೇಲೆ ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ ಸುಮಾರು 80 ಕಿ.ಮೀ. ದೂರ ಎಂಬುದು ಸಾಮಾನ್ಯವಾಗಿ ಅದಕ್ಕೆ ಹಾಕಿರುವ ಮಿತಿ. ನಿಮ್ಮ ಕಾರಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 485 ಸುತ್ತು ತಿರುಗುತ್ತದೆ. ಅಂದರೆ 80 ಕಿ.ಮೀ. ಮುಗಿಯುವಷ್ಟರಲ್ಲಿ ಆ ಗೋಡೆ ಸುಮಾರು 39 ಸಾವಿರ ಸಲ ಕಾರಿನ ಭಾರಕ್ಕೆ ಮಡಚಿ ಬಿಚ್ಚಿಕೊಳ್ಳುತ್ತದೆ. ಪ್ರತಿ ಮಡಿಕೆಯೂ ಶಾಖ ಹುಟ್ಟಿಸುತ್ತದೆ, ಶಾಖ ರಬ್ಬರನ್ನು ಒಳಗಿನಿಂದ ತಿನ್ನುತ್ತದೆ. ಈ ಶಕ್ತಿ ತುಂಬಿಟ್ಟ ಟ್ಯಾಂಕಿನಂತೆ, ಬಳಸಿದಷ್ಟೂ ಖಾಲಿಯಾಗುತ್ತದೆ, ಮತ್ತೆ ತುಂಬಲು ಬರುವುದಿಲ್ಲ. ನೀವು ತೆಗೆಸಿದ ಟಯರ್ ಅದರಲ್ಲಿ ಎಷ್ಟನ್ನು ಈಗಾಗಲೇ ಖರ್ಚು ಮಾಡಿದೆ ಎಂದು ಬಟನ್ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮ. ಸಾಮಾನ್ಯ ಸ್ಟೆಪ್ನಿಯಲ್ಲಿ ಗಾಳಿ ಇಳಿದಿದ್ದರೆ ಚಕ್ರ ಕಟ್ಟಿ ಜಾಕ್ ಇಳಿಸಿದ ಕೂಡಲೇ ಟಯರ್ ನೆಲಕ್ಕೆ ಚಪ್ಪಟೆಯಾಗಿ ನಿಮಗೆ ತಿಳಿಸಿಬಿಡುತ್ತದೆ. ರನ್-ಫ್ಲಾಟ್ ತಿಳಿಸುವುದಿಲ್ಲ. ಗಾಳಿ ಇಲ್ಲದಿದ್ದರೂ ಅದು ನೆಟ್ಟಗೆ ನಿಲ್ಲುತ್ತದೆ, ಸ್ಟಿಯರಿಂಗ್‌ನಲ್ಲಿಯೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಈ ಕಾರಣಕ್ಕಾಗಿಯೇ ರನ್-ಫ್ಲಾಟ್ ಇರುವ ಕಾರಿನಲ್ಲಿ ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ ಇರಲೇಬೇಕು. ಎರಡು ವರ್ಷ ಡಿಕ್ಕಿಯಲ್ಲಿ ಮಲಗಿ ಗಾಳಿ ಕಳೆದುಕೊಂಡ ಟಯರನ್ನು, ತುಂಬಿದೆ ಎಂದುಕೊಂಡು ಘಾಟಿಯ ತಿರುವಿನಲ್ಲಿ ಕಟ್ಟಿಕೊಳ್ಳುವುದನ್ನು ಯೋಚಿಸಿ ನೋಡಿ.

ಹಾಗಾದರೆ ಆ ನಂಬಿಕೆಯಲ್ಲಿ ಸತ್ಯವೇ ಇಲ್ಲವೇ ಎಂದರೆ, ಇದೆ, ಬಹಳ ಸಣ್ಣದು. ಒಮ್ಮೆಯೂ ಗಾಳಿಯಿಲ್ಲದೆ ಓಡಿರದ, ರಿಮ್‌ನಿಂದ ಬಿಡಿಸಿ ಒಳಭಾಗವನ್ನು ನೋಡಿಸಿದ, ವಯಸ್ಸಾಗಿರದ ರನ್-ಫ್ಲಾಟ್‌ಗೆ ಸರಿಯಾಗಿ ಗಾಳಿ ತುಂಬಿಸಿಟ್ಟರೆ ಪಂಕ್ಚರ್ ಅಂಗಡಿಯವರೆಗೆ ಅದು ನಿಮ್ಮನ್ನು ತಲುಪಿಸಬಲ್ಲದು. ವಯಸ್ಸನ್ನು ಪಕ್ಕದ ನಾಲ್ಕಂಕಿ ಹೇಳುತ್ತದೆ: 2315 ಎಂದಿದ್ದರೆ 2015ರ 23ನೆಯ ವಾರದಲ್ಲಿ ತಯಾರಾದದ್ದು. ಆದರೆ ಹಾಗೆ ಬಳಸುವಾಗ ಅದೂ ಗಾಳಿ ನೋಡುತ್ತಲೇ ಇರಬೇಕಾದ ಒಂದು ಹಳೆಯ ಟಯರ್ ಅಷ್ಟೇ. ರನ್-ಫ್ಲಾಟ್ ಎಂಬ ವಿಶೇಷದಿಂದ ನಿಮಗೆ ಯಾವ ಲಾಭವೂ ಇಲ್ಲ. ಮೇಲಾಗಿ ಅದು ಸಾಮಾನ್ಯ ಟಯರ್‌ಗಿಂತ ಭಾರ, ಮತ್ತು ಒಂದೇ ಆಕ್ಸಲ್‌ನಲ್ಲಿ ಒಂದು ಕಡೆ ಬಿರುಸು ಗೋಡೆ, ಇನ್ನೊಂದು ಕಡೆ ಮೆತ್ತನೆಯ ಗೋಡೆ ಇದ್ದರೆ ಒದ್ದೆ ರಸ್ತೆಯ ತಿರುವಿನಲ್ಲಿ ಎರಡೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ನಿಮ್ಮದು 2015ರ ಟಯರೇ ಆಗಿದ್ದರೆ ಬಟನ್ ಎಷ್ಟೇ ಎತ್ತರವಿರಲಿ, ಅದನ್ನು ಇಟ್ಟುಕೊಳ್ಳಬೇಡಿ.

ಈಗ ಕೊಳ್ಳುವ ವಿಷಯ. ನಿಮ್ಮ ಕಾರಿನಲ್ಲಿ ನಾಲ್ಕೂ 225/50 ಆರ್ 17 (ಅಗಲ 225 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 50, ರಿಮ್ 17 ಇಂಚು) ಇದ್ದರೆ, ಅದೇ ಅಳತೆಯ ಒಂದು ಟಯರ್ ಮತ್ತು ಅದೇ ಮಾಡೆಲ್‌ನ ಒಂದು ಸೆಕೆಂಡ್ ಹ್ಯಾಂಡ್ ಅಲಾಯ್ ರಿಮ್ ಕೊಂಡುಬಿಡುವುದು ಎಲ್ಲಕ್ಕಿಂತ ನೆಮ್ಮದಿಯ ದಾರಿ. ರನ್-ಫ್ಲಾಟ್ ರಿಮ್‌ಗೆ ಸಾಮಾನ್ಯ ಟಯರ್ ಕೂರುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಆ ರಿಮ್‌ನ ಒಳಗೆ ಟಯರ್ ಜಾರದಂತೆ ತಡೆಯುವ ಉಬ್ಬು ಸ್ವಲ್ಪ ಹೆಚ್ಚಾಗಿರುತ್ತದೆ, ಅಷ್ಟೇ. ಆದರೆ 'ಇಂಚು ಒಂದೇ, ಐದು ಬೋಲ್ಟ್ ಒಂದೇ' ಎಂದು ಕಂಡ ರಿಮ್ ತರಬೇಡಿ. ನಿಮ್ಮ ಎಫ್30 ತಲೆಮಾರಿನ 3 ಸೀರೀಸ್‌ನಲ್ಲಿ ಬೋಲ್ಟ್‌ಗಳ ವೃತ್ತ 120 ಮಿ.ಮೀ., ನಡುವಿನ ರಂಧ್ರ 72.6 ಮಿ.ಮೀ.; ಅದರ ನಂತರ ಬಂದ ಜಿ20 ತಲೆಮಾರಿನಲ್ಲಿ ಅವು 112 ಮತ್ತು 66.6. ಹೆಸರು ಒಂದೇ, ಕಂಪನಿ ಒಂದೇ, ಆದರೂ ಒಂದರ ಚಕ್ರ ಇನ್ನೊಂದಕ್ಕೆ ಕೂರುವುದಿಲ್ಲ.

ಹಿಂದಿನ ಟಯರ್ ಅಗಲವಾಗಿರುವ ಕಾರುಗಳಿಗೆ ಎರಡು ಸ್ಟೆಪ್ನಿ ಬೇಕೇ ಎಂದು ಕೆಲವರು ಗಾಬರಿಯಾಗುತ್ತಾರೆ. ಬೇಡ. ಮುಂದೆ 225/45 ಆರ್ 18, ಹಿಂದೆ 255/40 ಆರ್ 18 ಇದ್ದರೆ ಮೊದಲನೆಯದರ ಎತ್ತರ 659.7 ಮಿ.ಮೀ., ಎರಡನೆಯದರದು 661.2 ಮಿ.ಮೀ. ಒಂದೂವರೆ ಮಿಲಿಮೀಟರ್ ಅಂತರ ಹೊಸ ಟಯರ್‌ಗೂ ಸವೆದ ಟಯರ್‌ಗೂ ಇರುವ ಅಂತರಕ್ಕಿಂತ ಕಡಿಮೆ. ಮುಂದಿನ ಅಳತೆಯ ಚಕ್ರವನ್ನು ಇಟ್ಟುಕೊಂಡರೆ ಹತ್ತಿರದ ಅಂಗಡಿಯವರೆಗೆ ನಿಧಾನವಾಗಿ ಹೋಗಲು ಹಿಂದಕ್ಕೂ ಆಗುತ್ತದೆ.

ಪೂರ್ತಿ ಚಕ್ರ ಇಟ್ಟರೆ ಸೂಟ್‌ಕೇಸ್‌ಗೆ ಜಾಗವಿಲ್ಲ ಎನ್ನುವವರಿಗೆ ತೆಳು ಸ್ಟೆಪ್ನಿಯೇ ಗತಿ, ಮತ್ತು ಅದರಲ್ಲಿ ತಪ್ಪೇನೂ ಇಲ್ಲ. ಸ್ಟೆಪ್ನಿ ಎಂಬ ಹೆಸರು ಹುಟ್ಟಿದ್ದೇ ಇಂಥ ತಾತ್ಕಾಲಿಕ ವಸ್ತುವಿಗೆ. ಕಾರುಗಳಲ್ಲಿ ಬದಲಿ ಚಕ್ರವೇ ಇರದಿದ್ದ ಕಾಲದಲ್ಲಿ, 1904ರಲ್ಲಿ, ವೇಲ್ಸ್‌ನ ಲಾನೆಲ್ಲಿ ಊರಿನ ಸ್ಟೆಪ್ನಿ ಸ್ಟ್ರೀಟ್‌ನಲ್ಲಿದ್ದ ಡೇವಿಸ್ ಸಹೋದರರು ಗಾಳಿ ತುಂಬಿದ ಟಯರ್ ಇರುವ, ಕಡ್ಡಿಗಳಿಲ್ಲದ ಒಂದು ಬಳೆಯನ್ನು ತಯಾರಿಸಿದರು. ಪಂಕ್ಚರ್ ಆದ ಚಕ್ರವನ್ನು ಬಿಚ್ಚದೆ ಅದರ ಪಕ್ಕಕ್ಕೆ ಈ ಬಳೆಯನ್ನು ಬಿಗಿದು ಮನೆ ಸೇರಬಹುದಾಗಿತ್ತು. ಬಳೆ ಹೋಯಿತು, ಬೀದಿಯ ಹೆಸರು ನಮ್ಮ ಬಾಯಲ್ಲಿ ಉಳಿಯಿತು.

ತೆಳು ಸ್ಟೆಪ್ನಿ ಆರಿಸುವಾಗ ನೋಡಬೇಕಾದದ್ದು ಎತ್ತರ. ಒಂದು ಲೆಕ್ಕ ಕೊಡುತ್ತೇನೆ. ನಿಮ್ಮ 225/50 ಆರ್ 17ರ ಎತ್ತರ 656.8 ಮಿ.ಮೀ. 'ಟಿ125/80 ಆರ್ 17' ಎಂದು ಬರೆದಿರುವ ಸ್ಟೆಪ್ನಿಯದು 631.8, 'ಟಿ135/80 ಆರ್ 17' ಎಂದಿರುವುದರದು 647.8. ಮೊದಲನೆಯದು ಕಿಲೋಮೀಟರಿಗೆ ಸುಮಾರು 19 ಸುತ್ತು ಹೆಚ್ಚು ತಿರುಗುತ್ತದೆ, ಎರಡನೆಯದು ಸುಮಾರು 7. ಹಿಂದಿನ ಚಕ್ರಗಳಿಗೆ ಎಂಜಿನ್ ಬಲ ಹೋಗುವ ನಿಮ್ಮ ಕಾರಿನಲ್ಲಿ ಈ ಹೆಚ್ಚುವರಿ ಸುತ್ತನ್ನೆಲ್ಲ ಹಿಂದಿನ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆ) ನುಂಗಬೇಕು. ತಿರುವಿನಲ್ಲಿ ಮಾತ್ರ ಕೆಲಸ ಮಾಡಬೇಕಾದ ಅದರೊಳಗಿನ ಹಲ್ಲುಗಳು ನೇರ ರಸ್ತೆಯಲ್ಲಿಯೂ ಬಿಡುವಿಲ್ಲದೆ ತಿರುಗುತ್ತವೆ. ಆದ್ದರಿಂದ ಹಿಂದೆ ಪಂಕ್ಚರ್ ಆದರೆ, ನಾಲ್ಕೂ ಒಂದೇ ಅಳತೆಯಿದ್ದಲ್ಲಿ, ಮುಂದಿನ ಒಳ್ಳೆಯ ಚಕ್ರವನ್ನು ಹಿಂದಕ್ಕೆ ಕಟ್ಟಿ ಸ್ಟೆಪ್ನಿಯನ್ನು ಮುಂದೆ ಹಾಕಿ. ಕೆಲಸ ಎರಡು ಪಟ್ಟು, ಆದರೆ ಅದೇ ಸರಿ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರಿನವರು ತೆಳು ಸ್ಟೆಪ್ನಿಯ ಯೋಚನೆ ಬಿಟ್ಟು ಪೂರ್ತಿ ಅಳತೆಯದನ್ನೇ ಕೊಳ್ಳಬೇಕು. ಇನ್ನು ರಿಮ್ ಮುಂದಿನ ಬ್ರೇಕಿನ ಕ್ಯಾಲಿಪರ್‌ಗೆ (ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗಕ್ಕೆ) ತಗುಲುವುದಿಲ್ಲ ಎಂಬುದನ್ನು ದುಡ್ಡು ಕೊಡುವ ಮೊದಲೇ ಒಮ್ಮೆ ಕಟ್ಟಿಸಿ ನೋಡಿಕೊಳ್ಳಿ.

ತೆಳು ಸ್ಟೆಪ್ನಿಗೆ ಬೇಕಾದ ಗಾಳಿ ಸಾಮಾನ್ಯವಾಗಿ 60 ಪಿಎಸ್‌ಐ. ಟಯರ್‌ನ ಪಕ್ಕದಲ್ಲಿಯೇ ಬರೆದಿರುತ್ತದೆ. ಬಂಕ್‌ನಲ್ಲಿ ಏನೂ ಹೇಳದೆ ಕೊಟ್ಟರೆ ಉಳಿದ ನಾಲ್ಕರಂತೆ 33 ತುಂಬಿಸಿ ಕೊಡುತ್ತಾರೆ, ಅದು ಅವರ ರೂಢಿ. ಹೇಳಿ ತುಂಬಿಸಿಕೊಳ್ಳುವುದು ನಿಮ್ಮ ಕೆಲಸ. ವೇಗ 80 ಮೀರಬಾರದು.

ಸ್ಟೆಪ್ನಿಯೇ ಬೇಡ, ಅಂಟುದ್ರವ ಮತ್ತು ಗಾಳಿ ಪಂಪ್ ಇರುವ ಕಿಟ್ ಸಾಕಲ್ಲವೇ ಎಂಬುದಕ್ಕೆ ಹೆಚ್ಚು ಹೇಳುವುದಿಲ್ಲ. ಟ್ಯೂಬ್‌ಲೆಸ್ ಟಯರ್, ಗಾಳಿಯ ಎಚ್ಚರಿಕೆ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ತಿದ್ದಿದೆ. ಕಿಟ್ ಮೊಳೆಯ ತೂತನ್ನು ಮುಚ್ಚುತ್ತದೆ. ಹೊಂಡದ ಅಂಚಿಗೆ ಬಡಿದು ಸೀಳಿದ ಪಕ್ಕದ ಗೋಡೆಯನ್ನು ಮುಚ್ಚುವುದಿಲ್ಲ, ಮತ್ತು ಮಳೆಗಾಲದಲ್ಲಿ ಸಕಲೇಶಪುರದ ಕಡೆಯಿಂದ ನಮ್ಮಲ್ಲಿಗೆ ಬರುವ ಟಯರ್‌ಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಸೀಳನ್ನೇ. ಕಿಟ್ ಸ್ಟೆಪ್ನಿಯ ಜೊತೆಗಿರಲಿ, ಅದರ ಬದಲಿಗೆ ಬೇಡ.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಬೇಕು, ಏಕೆಂದರೆ ಸ್ಟೆಪ್ನಿ ಕೊಂಡವರಲ್ಲಿ ಅರ್ಧದಷ್ಟು ಜನ ಇದನ್ನು ಮರೆತಿರುತ್ತಾರೆ: ಬಿಚ್ಚುವುದು ಯಾವುದರಿಂದ? ಸ್ಟೆಪ್ನಿಯಿಲ್ಲದೆ ಬಂದ ಕಾರಿನಲ್ಲಿ ಸಾಮಾನ್ಯವಾಗಿ ಜಾಕ್ ಇರುವುದಿಲ್ಲ, ವೀಲ್ ಸ್ಪ್ಯಾನರ್ ಕೂಡ ಇರುವುದಿಲ್ಲ. ನಿಮ್ಮ ಕಾರಿಗೆ 17 ಮಿ.ಮೀ. ಸಾಕೆಟ್ ಬೇಕು, ತಳದ ಜಾಕ್ ಬಿಂದುವಿಗೆ ಹೊಂದುವ ತಲೆಯಿರುವ ಜಾಕ್ ಬೇಕು. ಕಳ್ಳರ ಕಾಟಕ್ಕೆಂದು ಚಕ್ರಕ್ಕೊಂದು ಬೀಗದ ಬೋಲ್ಟ್ ಹಾಕಿಸಿದ್ದರೆ ಅದರ ಕೀಲಿ ಮನೆಯ ಕಪಾಟಿನಲ್ಲಲ್ಲ, ಕಾರಿನಲ್ಲಿಯೇ ಇರಬೇಕು.

ಇನ್ನೊಂದು ತೊಡಕು ಮಾರುತಿ, ಟೊಯೋಟಾ ಓಡಿಸಿ ಬಂದವರಿಗೆ ಎದುರಾಗುತ್ತದೆ. ಆ ಕಾರುಗಳಲ್ಲಿ ಹಬ್‌ನಿಂದ (ಚಕ್ರ ಕೂರುವ ಭಾಗದಿಂದ) ಹೊರಗೆ ಚಾಚಿರುವ ಸ್ಟಡ್‌ಗಳ ಮೇಲೆ ಚಕ್ರವನ್ನು ನೇತುಹಾಕಿ ನಟ್ ಬಿಗಿಯುತ್ತೇವೆ. ಇಲ್ಲಿ ಸ್ಟಡ್ ಇಲ್ಲ. ಚಕ್ರವನ್ನು ಕೈಯಲ್ಲಿ ಎತ್ತಿಹಿಡಿದು, ತೂತಿಗೆ ತೂತು ಹೊಂದಿಸಿ, ಹೊರಗಿನಿಂದ ಬೋಲ್ಟ್ ತಿರುಗಿಸಬೇಕು. ಕತ್ತಲಲ್ಲಿ, ಮಳೆಯಲ್ಲಿ, ಮೊಬೈಲ್ ಬೆಳಕಿನಲ್ಲಿ ಇದು ಸುಲಭವಲ್ಲ. ಎಂ14 × 1.25 ಎಳೆಯಿರುವ ಒಂದು ಉದ್ದ ಕಡ್ಡಿಯನ್ನು ಮೊದಲು ಹಬ್‌ನ ಮೇಲಿನ ತೂತಿಗೆ ತಿರುಗಿಸಿಟ್ಟರೆ ಚಕ್ರ ಅದರ ಮೇಲೆ ತೂಗುತ್ತದೆ. ನಾಲ್ಕು ಬೋಲ್ಟ್ ಹಾಕಿದ ಮೇಲೆ ಕಡ್ಡಿ ತೆಗೆದು ಐದನೆಯದನ್ನು ಹಾಕಬಹುದು. ಸ್ಟೆಪ್ನಿ ತಂದ ದಿನವೇ ಮನೆಯ ಮುಂದೆ ಹಗಲಿನಲ್ಲಿ ಒಮ್ಮೆ ಪೂರ್ತಿ ಕಟ್ಟಿ ಬಿಚ್ಚಿ, ಮತ್ತೆ ಡಿಕ್ಕಿಯಲ್ಲಿಟ್ಟು ಪಟ್ಟಿಯಿಂದ ಬಿಗಿಯಿರಿ. ಅಷ್ಟು ಭಾರದ ಚಕ್ರ ಡಿಕ್ಕಿಯಲ್ಲಿ ಸಡಿಲವಾಗಿದ್ದರೆ ಜೋರಾಗಿ ಬ್ರೇಕ್ ಹಿಡಿದಾಗ ಹಿಂದಿನ ಸೀಟಿಗೆ ಬಂದು ಅಪ್ಪಳಿಸುತ್ತದೆ. ದಾರಿಯಲ್ಲಿ ಚಕ್ರ ಬದಲಿಸಿದ್ದರೆ, ಮೊದಲು ಸಿಗುವ ಒಳ್ಳೆಯ ಅಂಗಡಿಯಲ್ಲಿ ಟಾರ್ಕ್ ರೆಂಚ್‌ನಿಂದ ಐದೂ ಬೋಲ್ಟ್‌ಗಳನ್ನು 140 ನ್ಯೂಟನ್ ಮೀಟರ್‌ಗೆ ಬಿಗಿಸಿಕೊಂಡೇ ಮುಂದೆ ಹೋಗಿ.