ಬ್ರೇಕರ್ ಇಲ್ಲದ 10 ಅಡಿ

ತಂತಿ ತಡೆಯುವಷ್ಟು ಕರೆಂಟಿಗೆ ತಕ್ಕ ಬ್ರೇಕರ್ ಅದರ ಶುರುವಿನಲ್ಲೇ ಇರಬೇಕು. ವೈರಿಂಗ್‌ನ ಮೊದಲ ಪಾಠ ಇದು. ಆದರೂ ಅಮೆರಿಕದ ಮಾಲ್, ಆಫೀಸ್ ಕಟ್ಟಡಗಳಲ್ಲಿ 400 ಆಂಪಿಯರ್ ಬ್ರೇಕರಿನಿಂದ ಹೊರಟ ದಪ್ಪ ಫೀಡರ್‌ಗೆ, ಅಂದರೆ ಕರೆಂಟು ಒಯ್ಯುವ ಮುಖ್ಯ ತಂತಿಗೆ, ನಡುವೆ ಸಣ್ಣ ತಂತಿ ಜೋಡಿಸಿ, ತನ್ನದೇ 100 ಆಂಪಿಯರ್ ಬ್ರೇಕರ್ ಇರುವ ಪ್ಯಾನೆಲ್‌ಗೆ (ಕರೆಂಟು ಹಂಚುವ ಪೆಟ್ಟಿಗೆಗೆ) ಎಳೆದಿರುವುದುಂಟು. ಜೋಡಿಸಿದ ಕಡೆ ಬ್ರೇಕರೂ ಇಲ್ಲ, ಫ್ಯೂಸೂ ಇಲ್ಲ. ಇದನ್ನು ಟ್ಯಾಪ್ ಅನ್ನುತ್ತಾರೆ. ಅಲ್ಲಿನ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನ 240.21ರಲ್ಲಿ ಇದಕ್ಕೆ ಅನುಮತಿಯೂ ಇದೆ.

ಅಪಾಯ ಅಲ್ವಾ? ಬ್ರೇಕರ್ ಮಾಡುವ ಎರಡು ಕೆಲಸಗಳನ್ನು ಬಿಡಿಸಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಓವರ್‌ಲೋಡ್ ತಡೆಯಲು ಬ್ರೇಕರ್ ತಂತಿಯ ಕೊನೆಯಲ್ಲಿದ್ದರೂ ಸಾಕು. ಈ ತುದಿಯಲ್ಲಿ ಹರಿಯುವ ಕರೆಂಟೇ ಆ ತುದಿಯಲ್ಲೂ ಹರಿಯುತ್ತದಲ್ಲ. ಆದರೆ ತಂತಿಯ ನಡುವೆಯೇ ಶಾರ್ಟ್ ಆದರೆ ಕೊನೆಯ ಬ್ರೇಕರ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಆಗ ಹಿಂದಿರುವ 400ರದ್ದೇ ಗತಿ. ಗಟ್ಟಿಯಾಗಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ನುಗ್ಗಿ ಅದು ಬೇಗ ಬೀಳುತ್ತದೆ. ಕಿಡಿ ಹಾರುತ್ತಾ ಸುಮಾರು 300 ಆಂಪಿಯರ್ ಮಾತ್ರ ಹರಿದರೆ? 400ರ ಬ್ರೇಕರ್ ಸುಮ್ನೆ ಕೂತಿರುತ್ತದೆ, ಸಣ್ಣ ತಂತಿ ಬೇಯುತ್ತದೆ. ಈ ಸಂದು ಪೂರ್ತಿ ಮುಚ್ಚುವಂಥದ್ದಲ್ಲ. ಹಾಗಾಗಿ ತಂತಿಯನ್ನು ಗಿಡ್ಡ ಇಡು, ಪೈಪಿನೊಳಗೆ ಇಡು, ಪೆಟ್ಟು ಬೀಳದಂತೆ ನೋಡಿಕೋ ಅನ್ನುತ್ತದೆ ಕೋಡ್.

ಉದ್ದ ಜಾಸ್ತಿಯಾದರೆ ದಪ್ಪವೂ ಜಾಸ್ತಿಯಾಗಬೇಕು. ಅದೇ 100 ಆಂಪಿಯರ್ ಪ್ಯಾನೆಲ್ 8 ಅಡಿ ದೂರದಲ್ಲಿದೆ ಅನ್ನಿ. 10 ಅಡಿಯೊಳಗಿನ ಟ್ಯಾಪ್‌ಗಿರುವ ನಿಯಮದಲ್ಲಿ 100 ಆಂಪಿಯರ್ ತಡೆಯುವ 3 ನಂಬರ್ ತಾಮ್ರದ ತಂತಿ ನಡೆಯುತ್ತದೆ (ಅಮೆರಿಕದ ಅಳತೆಯಲ್ಲಿ ನಂಬರ್ ಇಳಿದಷ್ಟೂ ತಂತಿ ದಪ್ಪ; 1 ನಂಬರಿಗಿಂತ ದಪ್ಪ ಇರುವುದು 1/0). 20 ಅಡಿ ದೂರದಲ್ಲಿದ್ದರೆ 25 ಅಡಿಯ ನಿಯಮ ಬರುತ್ತದೆ. ತಂತಿ ಹಿಂದಿನ ಬ್ರೇಕರಿನ ಮೂರನೇ ಒಂದು ಪಾಲನ್ನಾದರೂ ತಡೆಯಬೇಕು, ಅಂದರೆ 133.3 ಆಂಪಿಯರ್. ಯಾವ ತಂತಿ ಎಷ್ಟು ಕರೆಂಟ್ ತಡೆಯುತ್ತದೆ ಅನ್ನುವ ಕೋಡ್‌ನ ಪಟ್ಟಿಯಲ್ಲಿ, ತಂತಿ 75 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗಬಹುದು ಅನ್ನುವ ಕಾಲಮ್ ನೋಡಿದರೆ 1 ನಂಬರ್ ತಂತಿಗೆ 130 ಇದೆ. ಬರೀ ಮೂರು ಚಿಲ್ಲರೆ ಆಂಪಿಯರ್ ಕಮ್ಮಿ! ಇನ್ಸ್‌ಪೆಕ್ಟರ್ ಒಪ್ಪುವುದಿಲ್ಲ. 150 ತಡೆಯುವ 1/0 ತಂತಿಯೇ ಬೇಕು. ಲೋಡ್ ಅಷ್ಟೇ, ತಂತಿಯ ದಪ್ಪ ಮಾತ್ರ 26.7 ಚದರ ಮಿಲಿಮೀಟರಿನಿಂದ 53.5ಕ್ಕೆ ಏರಿತು. ಒಂದು ಗೋಡೆಯಾಚೆ ಪ್ಯಾನೆಲ್ ಇಟ್ಟಿದ್ದಕ್ಕೆ ಅಡಿಯೊಂದಕ್ಕೆ ತಾಮ್ರ ಎರಡು ಪಟ್ಟು. ಪ್ಲಾನ್ ಹಾಕುವವರು ಈ ಲೆಕ್ಕ ಮೊದಲೇ ಮಾಡಿದರೆ ದುಡ್ಡು ಉಳಿಯುತ್ತದೆ.

ಟ್ಯಾಪ್‌ನಿಂದ ಇನ್ನೊಂದು ಟ್ಯಾಪ್ ತೆಗೆಯುವ ಹಾಗಿಲ್ಲ. ಅದಕ್ಕೆ ರಿಯಾಯಿತಿಯೇ ಇಲ್ಲ.

ಕಟ್ಟಡದ ಹೊರಗೆ ಎಳೆದ ಟ್ಯಾಪ್‌ಗೆ ಮಾತ್ರ ಉದ್ದದ ಮಿತಿಯನ್ನೇ ಹಾಕಿಲ್ಲ. ಬಯಲಲ್ಲಿ ತಂತಿ ಸುಟ್ಟರೆ ತಂತಿಯಷ್ಟೇ ಹೋಗುತ್ತದೆ. ಆದರೆ ಅದು ಕಟ್ಟಡದೊಳಕ್ಕೆ ಬಂದ ತಕ್ಷಣ, ಬಾಗಿಲಲ್ಲೇ, ಬ್ರೇಕರ್ ಇರಬೇಕು.