ಇಷ್ಟು ಪುಟ್ಟ ಸುಲ್ತಾನ್ ಬತ್ತೇರಿ ಬಂದರನ್ನು ಹೇಗೆ ಕಾಯುತ್ತಿತ್ತು?

ಪ್ರಶ್ನೆ: ನಾವು ಬೆಂಗಳೂರಿನವರು. ಮಂಗಳೂರಿಗೆ ಹೋದಾಗ ಸುಲ್ತಾನ್ ಬತ್ತೇರಿ ನೋಡಿದೆವು. ಕೋಟೆ ಅಂದಿದ್ದರು, ಐದೇ ನಿಮಿಷಕ್ಕೆ ನೋಡಿ ಮುಗಿಯಿತು! ಇಷ್ಟು ಚಿಕ್ಕ ಕಟ್ಟಡದಿಂದ ಬಂದರು ಪಟ್ಟಣವನ್ನು ಕಾಯಲು ಆಗುತ್ತಿತ್ತಾ?

ಉತ್ತರ: ಇಡೀ ಪಟ್ಟಣವನ್ನು ಕಾಯುವ ಕೆಲಸ ಅದರದ್ದಲ್ಲ. ಯುದ್ಧದ ಹಡಗುಗಳು ಗುರುಪುರ ನದಿಯೊಳಗೆ ನುಗ್ಗದಂತೆ ತಡೆಯಬೇಕಿತ್ತು, ಅಷ್ಟೇ. ಕೆ.ಆರ್. ಮಾರ್ಕೆಟ್ ಹತ್ತಿರದ ನಮ್ಮ ಕೋಟೆಯನ್ನು ಹೈದರಾಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ. ಅದರೊಳಗೆ ಅರಮನೆಯೂ ಇರಬೇಕಿತ್ತು, ಸೈನ್ಯವೂ ಇರಬೇಕಿತ್ತು. ಬತ್ತೇರಿಗೆ ಅದ್ಯಾವುದೂ ಬೇಡ. ಸ್ವಲ್ಪ ಎತ್ತರ, ಫಿರಂಗಿಗೆ ಕಿಂಡಿ, ಮದ್ದು ಇಡಲು ನೆಲಮಟ್ಟದ ಕೆಳಗೊಂದು ಕೋಣೆ ಇದ್ದರೆ ಸಾಕು. ಬೋಳೂರಿನ ಆ ಕಪ್ಪು ಕಲ್ಲಿನ ಕಟ್ಟಡದಲ್ಲಿ ನೀವು ನೋಡಿದ್ದೂ ಇವನ್ನೇ.

ಉಳಿದ ಕೆಲಸವನ್ನು ನದಿಯೇ ಮಾಡುತ್ತಿತ್ತು. ನಮ್ಮ ಕರಾವಳಿಯ ಅಳಿವೆಗಳಲ್ಲಿ ಮರಳು ದಿಬ್ಬಗಳು ಜಾಸ್ತಿ. ಭಾರದ ಹಡಗು ಉಬ್ಬರಕ್ಕೆ ಕಾಯಬೇಕು, ಇಲ್ಲವೇ ಹೊರಗೇ ಲಂಗರು ಹಾಕಬೇಕು. ಆಗಿನ ಯುದ್ಧದ ಹಡಗಿನ ಫಿರಂಗಿಗಳೆಲ್ಲ ಹೆಚ್ಚುಕಡಿಮೆ ಪಕ್ಕೆಗಳಲ್ಲಿ ಇರುತ್ತಿದ್ದವು. ಕಿರಿದಾದ ನದಿಯಲ್ಲಿ ಅದು ಮೂತಿ ಮುಂದೆ ಮಾಡಿಕೊಂಡೇ ಬರಬೇಕು. ಚಿಕ್ಕಪೇಟೆ ಗಲ್ಲಿಗೆ ನುಗ್ಗಿದ ಲಾರಿಯ ಹಾಗೆ, ತಿರುಗಲು ಜಾಗವಿಲ್ಲ. ದಡದ ಮೇಲಿನ ನಾಲ್ಕಾರು ಫಿರಂಗಿಗಳಿಗೆ ಅಂಥ ಹಡಗು ಸುಲಭದ ಗುರಿ.

ಟಿಪ್ಪು ಇದನ್ನು ಕಟ್ಟಿಸಿದ್ದು 1784ರಲ್ಲಿ. ಆ ವರ್ಷವೇ ಯಾಕೆ ಅಂತ ನೋಡಿದರೆ ಕಥೆ ಇನ್ನೂ ಸ್ವಾರಸ್ಯವಾಗುತ್ತದೆ. 1783ರ ಮಾರ್ಚ್‌ನಲ್ಲಿ ಬ್ರಿಟಿಷರು ಮಂಗಳೂರನ್ನು ಹಿಡಿದಿದ್ದರು. ಮೇ ತಿಂಗಳಲ್ಲಿ ಟಿಪ್ಪು ಮುತ್ತಿಗೆ ಹಾಕಿದ. ಮಳೆಗಾಲದಲ್ಲಿ ಸಮುದ್ರದ ದಾರಿ ಬಂದ್. ಕೋಟೆಯೊಳಗಿದ್ದವರು ಹಸಿವು, ಕಾಯಿಲೆಗಳಿಂದ ನರಳಿ, 1784ರ ಜನವರಿಯಲ್ಲಿ ಶರಣಾದರು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಇಲ್ಲಿ ಜನ ಗೊಂದಲ ಮಾಡಿಕೊಳ್ಳುವುದುಂಟು: ಮುತ್ತಿಗೆ ನಡೆದಿದ್ದು ಬತ್ತೇರಿಗೆ ಅಲ್ಲ, ಊರಿನ ದೊಡ್ಡ ಕೋಟೆಗೆ. ಆ ಕೋಟೆ ಈಗಿಲ್ಲ. ಬೊಂಬಾಯಿಯಿಂದ ಹಡಗಿನಲ್ಲಿ ಬಂದವರನ್ನು ಊರೊಳಗಿನ ಗೋಡೆ ಎಷ್ಟೇ ದಪ್ಪವಿದ್ದರೂ ತಡೆಯದು, ನೀರಿನಲ್ಲೇ ತಡೆಯಬೇಕು. ಬತ್ತೇರಿಯ ಹಿಂದೆ ಇದೇ ಲೆಕ್ಕ ಇತ್ತು ಅನ್ನುವುದು ನನ್ನ ಅನಿಸಿಕೆ.

ಸಮುದ್ರದ ಕೋಟೆ ಅಂದರೆ ದೊಡ್ಡದೇ ಇರಬೇಕು ಅನ್ನುವವರು ಮಾಲವಣದ ಸಿಂಧುದುರ್ಗಕ್ಕೆ ಹೋಗಬೇಕು. ಶಿವಾಜಿ 1664ರಲ್ಲಿ ಕೆಲಸ ಶುರು ಮಾಡಿಸಿದ ಕೋಟೆ ಅದು. ದಡದಾಚೆಯ ದ್ವೀಪದ ಮೇಲಿದೆ, ದೋಣಿಯಲ್ಲೇ ಹೋಗಬೇಕು. ಅದನ್ನು ನೋಡಲು ಐದು ನಿಮಿಷ ಸಾಲದು.